ಅಳಿಯ ಕೇಳಿದ ಕೂದಲು

ನಿಮ್ಮಪ್ಪ ಈ ಮನೆಯಲ್ಲಿ ಕೆಡಿಸಿದ ಪಾತ್ರೆಗಳನ್ನೆಲ್ಲ ಒಂದು ಕಡೆ ಕೂಡಿಸಿಟ್ಟಿದ್ದರೆ ಸಣ್ಣದೊಂದು ಮದುವೆಯ ಅಡುಗೆ ಆಗಿಹೋಗುತ್ತಿತ್ತು. ಹಬೆಯಿಂದ ಗಾಲಿ ತಿರುಗಿಸುತ್ತೇನೆಂದು ಕುಕ್ಕರಿನ ಮುಚ್ಚಳಕ್ಕೆ ತೂತು ಕೊರೆದರು. ಗಾಲಿ ತಿರುಗಲಿಲ್ಲ, ಅಂದು ಬೇಳೆಯೂ ಬೇಯಲಿಲ್ಲ. ಆಮೇಲೆ ತಾಮ್ರದ ಬಿಲ್ಲೆ, ಸತುವಿನ ಬಿಲ್ಲೆ ಒಂದರ ಮೇಲೊಂದು ಪೇರಿಸಿ, ನಡುನಡುವೆ ಉಪ್ಪುನೀರಲ್ಲಿ ಅದ್ದಿದ ಬಟ್ಟೆ ಇಟ್ಟು ಕರೆಂಟು ಹುಟ್ಟಿಸಲು ಹೋದರು. ಬಿಲ್ಲೆಗಾಗಿ ಕತ್ತರಿಸಿದ್ದು ನಾನು ಊರಿಂದ ತಂದಿದ್ದ ತಾಮ್ರದ ತಟ್ಟೆ. ಗಾಜಿನ ಶೀಶೆಯನ್ನು ರೇಷ್ಮೆಯಿಂದ ತಿಕ್ಕಿ ಕಿಡಿ ಹಾರಿಸಬೇಕೆಂದಾಗ ನಿಮ್ಮಮ್ಮನ ಇಳಕಲ್ ಸೀರೆಯ ಸೆರಗು ಹೋಯಿತು. ಅಂದು ಕಿಡಿ ಹಾರಿದ್ದು ಶೀಶೆಯಿಂದಲ್ಲ.

ಮೊಮ್ಮಕ್ಕಳೇ, ನಿಮ್ಮ ಕನ್ನಡ ಇನ್ನೂ ಎಳೆಯದು, ಇದನ್ನು ಈಗಲೇ ಓದಲಾಗದಿದ್ದರೆ ದೊಡ್ಡವರಾದ ಮೇಲೆ ಓದಿ. ನಾನು ಕಲಿತದ್ದೂ ನಮ್ಮೂರ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಮಾತ್ರ. ಎದುರಿಗೆ ಕೂತು ಹೇಳು ಎಂದರೆ ನನಗೆ ಬಾಯಿ ಬರುವುದಿಲ್ಲ. ಬರೆಯಲು ನಾಚಿಕೆ ಇಲ್ಲ, ಕಾಗದ ನನ್ನ ಮುಖ ನೋಡುವುದಿಲ್ಲವಲ್ಲ.

ನಿಮ್ಮಪ್ಪನಿಗೆ ಈ ಹುಚ್ಚು ಹತ್ತಿಸಿದವರು ಇನ್ನೂರು ಇನ್ನೂರೈವತ್ತು ವರ್ಷಗಳ ಹಿಂದಿನ ಜನ. ಯಂತ್ರಗಳ ಕಾಲ ಆಗಷ್ಟೇ ಶುರುವಾಗುತ್ತಿತ್ತಂತೆ. ಯುರೋಪಿನಲ್ಲಿ ಊರಿಗೊಬ್ಬರಂತೆ ಹವ್ಯಾಸಿಗಳಿದ್ದರಂತೆ. ಒಬ್ಬ ಚರ್ಚಿನ ಪಾದ್ರಿ, ಭಾನುವಾರ ಪ್ರಾರ್ಥನೆ ಮುಗಿಸಿ ಬಂದು ಬಿಸಿಗಾಳಿಯ ಯಂತ್ರ ಮಾಡುತ್ತಿದ್ದ. ಇನ್ನೊಬ್ಬ ಕ್ಷೌರಿಕ, ನೂಲುವ ಯಂತ್ರದ ಹಿಂದೆ ಬಿದ್ದ. ಒಬ್ಬ ವೈದ್ಯನಂತೂ ಜಿಗಣೆಗಳನ್ನು ಶೀಶೆಗಳಲ್ಲಿ ಸಾಕಿ, ಬಿರುಗಾಳಿ ಬರುವ ಮೊದಲು ಅವು ಮೇಲೆ ಹತ್ತಿ ಗಂಟೆ ಬಾರಿಸುವ ಹಾಗೆ ಮಾಡಿದ್ದನಂತೆ. ಯಾರಿಗೂ ಆ ವಿದ್ಯೆಯ ಪದವಿ ಇರಲಿಲ್ಲ, ಯಾರೂ ಸಂಬಳ ಕೊಡುತ್ತಿರಲಿಲ್ಲ. ಅಡುಗೆಮನೆಯಲ್ಲಿ, ಹಿತ್ತಲಲ್ಲಿ ಕೂತು ಮಾಡುತ್ತಿದ್ದರು. ಊಟದ ಹೊತ್ತಿಗೆ ನಿಮ್ಮಪ್ಪ ಈ ಕಥೆಗಳನ್ನು ಹೇಳುವಾಗ ಆ ಪಾದ್ರಿ ಅವರ ಸ್ವಂತ ಸೋದರಮಾವನೇನೋ ಅನ್ನಿಸುತ್ತಿತ್ತು. ಆ ಮನೆಗಳ ಹೆಂಗಸರು ಏನು ಮಾಡಿಕೊಂಡಿದ್ದರು ಎಂಬುದನ್ನು ಮಾತ್ರ ಅವರು ಎಂದೂ ಹೇಳಲಿಲ್ಲ. ಅಡುಗೆಮನೆ ಬಿಡುವಾಗುವವರೆಗೆ ಕಾಯುತ್ತಿದ್ದಿರಬೇಕು.

ನಿಮ್ಮಪ್ಪನ ಆಸೆ ನನಗೆ ಅರ್ಥವಾಗದೆ ಇರಲಿಲ್ಲ. ಅವರು ಈ ಅರಬ್ ದೇಶದ ಗ್ಯಾಸಿನ ಸ್ಥಾವರದಲ್ಲಿ ದೊಡ್ಡ ಇಂಜಿನಿಯರು. ಆದರೆ ದಿನವಿಡೀ ಕೂತು ನೋಡುವುದು ಪರದೆಯ ಮೇಲಿನ ಅಂಕಿಗಳನ್ನು. “ಇಷ್ಟ ವರ್ಷದಾಗ ಒಂದ ಬೋಲ್ಟ್ ಸೈತ ಕೈಲೆ ತಿರುವಿಲ್ಲ,” ಎಂದು ಒಮ್ಮೆ ನಿಮ್ಮಮ್ಮನ ಹತ್ತಿರ ಹೇಳಿದ್ದು ಕೇಳಿಸಿತ್ತು.

ಅವರ ಜೊತೆಗೆ ಇನ್ನಿಬ್ಬರು. ನಿಮ್ಮ ಮೈಸೂರು ಅಂಕಲ್, ಅಲ್ ಗರಾಫಾದಲ್ಲಿ ಮನೆ, ಕಂಪನಿಯೊಂದರಲ್ಲಿ ಲೆಕ್ಕದ ಕೆಲಸ, ತಲೆ ಪೂರ್ತಿ ಬೋಳು. ಇನ್ನೊಬ್ಬರು ಮಂಗಳೂರು ಅಂಕಲ್, ಇಂಡಸ್ಟ್ರಿಯಲ್ ಏರಿಯಾದಲ್ಲಿ ಗ್ಯಾರೇಜು ಇಟ್ಟವರು. ಆ ಕಾಲದ ಹವ್ಯಾಸಿಗಳು ಕೆಲವರು ಹುಣ್ಣಿಮೆಯ ಸಂಜೆ ಸೇರುತ್ತಿದ್ದರಂತೆ, ಮನೆಗೆ ಮರಳುವಾಗ ದಾರಿಗೆ ಬೆಳಕಿರಲಿ ಎಂದು. ಇವರೂ ಹುಣ್ಣಿಮೆಗೇ ಸೇರುತ್ತೇವೆಂದರು. ಹಗಲಿನಂತೆ ದೀಪ ಹಾಕಿರುವ ಈ ಊರ ರಸ್ತೆಗಳಲ್ಲಿ ಬೆಳದಿಂಗಳು ಕಾರಿಗೇನು ಉಪಕಾರ ಮಾಡುತ್ತದೋ ನನಗೆ ತಿಳಿಯದು. ಹುಣ್ಣಿಮೆ ಮಂಗಳವಾರ ಬಂದರೂ ಇವರ ಹುಣ್ಣಿಮೆ ರಜೆಯ ಶುಕ್ರವಾರವೇ. ನಮ್ಮ ಕಡೆ ಹುಣ್ಣಿಮೆಗೆ ಸಿಹಿ ಮಾಡಬೇಕಲ್ಲ, ನನ್ನ ಹೋಳಿಗೆಯನ್ನೂ ಶುಕ್ರವಾರಕ್ಕೆ ತಳ್ಳಿದರು. ಅವರು ವಿಜ್ಞಾನಕ್ಕೆ ಬರುತ್ತಿದ್ದರೋ ಹೋಳಿಗೆಗೆ ಬರುತ್ತಿದ್ದರೋ, ಅದನ್ನು ಅಳೆಯುವ ಉಪಕರಣ ಯಾರೂ ಮಾಡಲಿಲ್ಲ.

ಅಲ್ ಹಿಲಾಲಿನ ಈ ಫ್ಲ್ಯಾಟಿನಲ್ಲಿ ಅಡುಗೆಮನೆಯ ಪಕ್ಕ ಸಣ್ಣದೊಂದು ಕೋಣೆ ಇದೆಯಲ್ಲ, ಕಟ್ಟಿದವರು ಕೆಲಸದವರಿಗೆಂದು ಕಟ್ಟಿದ್ದು, ಅದು ನಿಮ್ಮಪ್ಪನ ಕಾರಖಾನೆಯಾಗಿತ್ತು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಇಲ್ಲಿಗೆ ಬಂದಾಗ ನನಗೆ ನಿಮ್ಮಿಬ್ಬರ ಕೋಣೆಯಲ್ಲಿ ಹಾಸಿಗೆ ಹಾಕಿದರು. ನೀವು ನಿದ್ದೆಯಲ್ಲಿ ಒದೆಯುತ್ತಿದ್ದಿರಿ, ಅದು ದೊಡ್ಡ ಮಾತಲ್ಲ. ಆದರೆ ನಿಮ್ಮಮ್ಮ ಬಿಡಲಿಲ್ಲ.

“ಅವ್ವಗ ಒಂದ ಕ್ವಾಣಿ ಬೇಕ್ರಿ,” ಎಂದಳು ಗಂಡನಿಗೆ. “ನಿಮ್ಮ ತುಕ್ಕ ಹಿಡದ ಸಾಮಾನಿಗೆ ಕ್ವಾಣಿ, ನಮ್ಮವ್ವಗ ಮೂಲಿ. ಇದ ಯಾವ ನ್ಯಾಯ?”

“ಅದು ಸಾಮಾನಲ್ಲಲೇ, ಪ್ರಯೋಗ.”

“ಆತು. ಮುಂದಿನ ಹುಣ್ಣಿಮಿಗೆ ಮಂದಿ ಮುಂದ ಒಂದರ ಪ್ರಯೋಗ ಬರೋಬರಿ ನಡಿಸಿ ತೋರಸ್ರಿ. ತೋರಿಸಿದ್ರ ಕ್ವಾಣಿ ನಿಮ್ದು, ಮತ್ತ ಬಾಯಿ ಬಿಡೂದಿಲ್ಲ. ಇಲ್ಲಂದ್ರ ಅವ್ವಂದು.”

“ಖಲಾಸ್,” ಎಂದರು ನಿಮ್ಮಪ್ಪ, ಒಪ್ಪಿದೆನೆನ್ನುವ ಹಾಗೆ. ಅವರಿಗೆ ಧೈರ್ಯವಿತ್ತು. ಕುಕ್ಕರನ್ನು ಮರೆತುಬಿಟ್ಟಿದ್ದರು.

ಬೇಡ ಎಂದು ನಾನು ಹೇಳಬಹುದಿತ್ತು. ಆದರೆ ನನಗೆ ಆ ಕೋಣೆ ಬೇಕಿತ್ತು. ತವರಲ್ಲಿ ನಾವು ಅಕ್ಕತಂಗಿಯರೆಲ್ಲ ಒಂದೇ ಜಮಖಾನೆಯ ಮೇಲೆ ಮಲಗುತ್ತಿದ್ದೆವು. ಗಂಡನ ಮನೆಯಲ್ಲಿ ಪಡಸಾಲೆಯಿಂದ ಅಡುಗೆಮನೆಗೆ ಹೋಗುವವರೆಲ್ಲ ನನ್ನ ಹಾಸಿಗೆ ದಾಟಿಯೇ ಹೋಗುತ್ತಿದ್ದರು. ಒಳಗಿನಿಂದ ನಾನೇ ಅಗುಳಿ ಹಾಕಿಕೊಳ್ಳುವ ಬಾಗಿಲು ಈ ವಯಸ್ಸಿನವರೆಗೆ ನನಗೆ ಇರಲಿಲ್ಲ. ಕಿಟಕಿ ಇಲ್ಲದಿದ್ದರೂ ಸರಿ, ಬಾಗಿಲು ಇತ್ತಲ್ಲ.

ನಿಮ್ಮಪ್ಪ ಆರಿಸಿಕೊಂಡದ್ದು ಗಾಳಿಯ ತೇವ ಅಳೆಯುವ ಪೆಟ್ಟಿಗೆ. ಆ ಕಾಲದಲ್ಲಿ ಬೆಟ್ಟ ಹತ್ತುವ ಹುಚ್ಚಿದ್ದ ಒಬ್ಬ ಪಂಡಿತ ಇದನ್ನು ಮಾಡಿದ್ದನಂತೆ. ಮನುಷ್ಯರ ಕೂದಲು ಗಾಳಿ ಹಸಿಯಾದಾಗ ಕೊಂಚ ಉದ್ದವಾಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದಕ್ಕೆ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಒಂದು ಉದ್ದ ಕೂದಲು ಇಳಿಬಿಟ್ಟು, ಕೆಳತುದಿಯನ್ನು ಪುಟ್ಟ ಗಾಲಿಗೆ ಸುತ್ತಿ, ಗಾಲಿಗೆ ಒಂದು ಮುಳ್ಳು ಸಿಗಿಸುವುದು. ಮುಳ್ಳಿನ ಹಿಂದೆ ಒಂದು ಕಾಗದ, ಅದರ ಒಂದು ತುದಿಯಲ್ಲಿ ‘ಒಣ’, ಇನ್ನೊಂದು ತುದಿಯಲ್ಲಿ ‘ಹಸಿ’. ಕುಕ್ಕರು ಬೇಡ, ಬೆಂಕಿ ಬೇಡ, ಸೀರೆ ಬೇಡ. ಕೂದಲೊಂದೇ ಸಾಕು.

ಆ ಕೂದಲು ಎಲ್ಲಿಂದ ಬರಬೇಕು? ನಿಮ್ಮಮ್ಮನ ಕೂದಲಿಗೆ ಬಣ್ಣ ಹಚ್ಚಿಸಿದ್ದಳು, ಇಸ್ತ್ರಿಯನ್ನೂ ಹೊಡೆಸಿದ್ದಳು. ನಿಮ್ಮ ಕೂದಲು ಗಿಡ್ಡ. ಮೈಸೂರು ಅಂಕಲ್ಲರ ಮಾತೇ ಬೇಡ. ಮನೆಯಲ್ಲಿ ಉದ್ದವಾದ, ಬಣ್ಣ ಕಾಣದ ಕೂದಲು ಇದ್ದದ್ದು ನನ್ನ ತಲೆಯಲ್ಲಿ ಮಾತ್ರ.

ಇಲ್ಲೊಂದು ತೊಡಕಿತ್ತು. ನಮ್ಮ ಕಡೆ ಅತ್ತೆ ಅಳಿಯ ಎದುರುಬದುರು ಮಾತಾಡುವುದಿಲ್ಲ. ನಿಮ್ಮಪ್ಪ ಬಂದರೆ ನಾನು ತಲೆಯ ಮೇಲೆ ಸೆರಗು ಹೊದ್ದು ಅಡುಗೆಮನೆಗೆ ಸರಿಯುತ್ತಿದ್ದೆ. ಅವರೂ ಮಾತನ್ನೆಲ್ಲ ನಿಮ್ಮಮ್ಮನ ಮೂಲಕವೇ ಕಳಿಸುತ್ತಿದ್ದರು, ನಾನು ಅಲ್ಲೇ ನಿಂತಿದ್ದರೂ. ಆ ದಿನ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಫ್ರಿಜ್ಜಿನ ಕಡೆ ಮುಖ ಮಾಡಿ ಹೇಳಿದರು.

“ಏ, ನಿಮ್ಮವ್ವಗ ಕೇಳು... ಒಂದ... ಅದ...”

“ಏನ್ ಕೇಳ್ಲಿ?”

“ಕೂದಲ. ಒಂದ ಸಾಕು. ಉದ್ದಂದು.”

ನಿಮ್ಮಮ್ಮ ನನ್ನ ಕಡೆ ತಿರುಗಿದಳು. “ಅವ್ವಾ, ನಿನ್ನ ಅಳಿಯಾರು ನಿನ್ನ ಕೂದಲ ಕೇಳಾಕತ್ತಾರ. ಇವರದ ತಲಿ ಕೆಟ್ಟೇತಿ.”

ನನ್ನ ಕೈಯಲ್ಲಿದ್ದ ಲಟ್ಟಣಿಗೆ ನಿಂತುಹೋಯಿತು. ಹಣಿಗೆಗೆ ಬಂದ ಕೂದಲನ್ನು ನಾವು ಬೆರಳಿಗೆ ಸುತ್ತಿ, ಥೂ ಥೂ ಎಂದು ಉಗುಳಿ, ಯಾರ ಕಾಲಿಗೂ ಸಿಗದ ಕಡೆ ಹಾಕುವವರು. ಒಬ್ಬರ ಕೈಗೆ ಕೊಡುವುದೆಂದರೆ ಮಾಟ ಮಾಡಿಸಿಕೊಳ್ಳಲು ಕೊಟ್ಟ ಹಾಗೆ ಎಂದು ನನ್ನ ಅತ್ತೆ ಹೇಳುತ್ತಿದ್ದರು. ಅದರಲ್ಲೂ ಅಳಿಯನ ಕೈಗೆ! ಅದರಲ್ಲೂ ಗಂಡ ಇಲ್ಲದವಳ ಕೂದಲು! ಆದರೆ ನಿಮ್ಮಪ್ಪ ಫ್ರಿಜ್ಜನ್ನು ನೋಡುತ್ತ ನಿಂತ ರೀತಿ ಹೇಗಿತ್ತೆಂದರೆ, ಫೀಸು ಕೇಳಲು ಬಂದ ಹುಡುಗನ ಹಾಗೆ. “ಕೊಡ್ತೀನಂತ ಹೇಳು,” ಎಂದೆ ಮಗಳಿಗೆ. ಅವಳು, “ಕೊಡ್ತಾಳಂತ್ರಿ,” ಎಂದಳು. ನಾವು ಮೂವರೂ ನಿಂತದ್ದು ಒಂದೇ ಅಡುಗೆಮನೆಯಲ್ಲಿ.

ಮರುದಿನ ತಲೆ ಹಿಕ್ಕಿಕೊಂಡಾಗ ಬಂದ ಕೂದಲಲ್ಲಿ ಉದ್ದವಾದ ಎರಡು ಆರಿಸಿದೆ. ಕೈಯಲ್ಲಿ ಹಿಡಿದರೆ ಒರಟೊರಟು, ನೋಡಲು ಚೆನ್ನಾಗಿರಲಿಲ್ಲ. ಅಳಿಯ ಮೊದಲ ಸಲ ಕೇಳಿದ ವಸ್ತು. ಹಾಗಾಗಿ ಅಂಗೈಗೆ ಹರಳೆಣ್ಣೆ ಹಾಕಿಕೊಂಡು ನಯವಾಗಿ ನೇವರಿಸಿ, ಅವು ಮಿಂಚುವ ಹಾಗೆ ಮಾಡಿ, ಬಾಳೆಹಣ್ಣಿನ ತಟ್ಟೆಯಲ್ಲಿಟ್ಟು ಕಳಿಸಿದೆ.

ಪೆಟ್ಟಿಗೆ ಸಿದ್ಧವಾಯಿತು. ಮುಳ್ಳು ಅಲುಗಲಿಲ್ಲ. ಬಾಲ್ಕನಿಯಲ್ಲಿಟ್ಟರು, ಸ್ನಾನದ ಮನೆಯಲ್ಲಿಟ್ಟು ಬಿಸಿನೀರು ಬಿಟ್ಟರು. ಅಕ್ಕತಮ್ಮ ನಿಮ್ಮಿಬ್ಬರ ಸ್ನಾನಕ್ಕೆ ಅಂದು ನೀರಿರಲಿಲ್ಲ, ನೀವು ಕುಣಿದಾಡಿದಿರಿ. ಮುಳ್ಳು ಮಾತ್ರ ಅಲ್ಲೇ.

ಮುಂದಿನ ಶುಕ್ರವಾರ ಸ್ನೇಹಿತರಿಬ್ಬರೂ ಓಡಿಬಂದರು. ಮೈಸೂರು ಅಂಕಲ್ ಹಾಳೆಯ ತುಂಬ ಲೆಕ್ಕ ಹಾಕಿದರು. “ಗಾಲಿ ದಪ್ಪ ಆಯ್ತು ಕಣ್ರೀ. ಲೆಕ್ಕದ ಪ್ರಕಾರ ಅರ್ಧಕ್ಕರ್ಧ ಇಳಿಸ್ಬೇಕು.”

“ಎಂತ ಲೆಕ್ಕ ಮಾರಾಯ್ರೆ,” ಎಂದರು ಮಂಗಳೂರು ಅಂಕಲ್. “ಗಾಲಿ ಕೂತಿದ್ದೇ ಸರಿ ಇಲ್ಲ, ಉಜ್ಜುತ್ತಾ ಉಂಟು. ನಾನು ತಿರುಗಿಸಿ ಕೂರಿಸ್ತೇನೆ ನೋಡಿ.” ಗ್ಯಾರೇಜಿನಿಂದ ತಂದ ಸಣ್ಣ ಗಾಲಿಯನ್ನು ಹಿಂದುಮುಂದು ಮಾಡಿ ಕೂರಿಸಿದರು. ಆಗಲೂ ಏನೂ ಆಗಲಿಲ್ಲ. ಸತ್ತ ಗಾಳಿ ಎಂದು ಒಬ್ಬರು, ಮುಳ್ಳು ಭಾರ ಎಂದು ಇನ್ನೊಬ್ಬರು. ಮೂವರು ಗಂಡಸರು ಒಂದು ಕೂದಲಿನ ಸುತ್ತ ಕೂತು ತಲೆ ಕೆರೆದುಕೊಂಡರು. ಕೆರೆದುಕೊಳ್ಳುವುದರಲ್ಲಿ ಮೈಸೂರು ಅಂಕಲ್ಲರಿಗೆ ಅನುಕೂಲ ಹೆಚ್ಚಿತ್ತು.

ಚಹಾ ಕೊಡಲು ಹೋದ ನಿಮ್ಮಮ್ಮ ಪೆಟ್ಟಿಗೆಯ ಹತ್ತಿರ ಮೂಗು ತಂದು ನಿಂತಳು. ಆಮೇಲೆ ಕೂದಲನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿಕೊಂಡಳು.

“ಅವ್ವಾ! ಇದಕ್ಕ ಎಣ್ಣಿ ಹಚ್ಚೀ ಏನ?”

ನಾನು ಅಡುಗೆಮನೆಯಿಂದಲೇ ಹೇಳಿದೆ, “ಮತ್ತ? ಎಣ್ಣಿ ಇಲ್ಲದ ಕೂದಲಾ ಅಳಿಯನ ಕೈಯಾಗ ಹೆಂಗ ಕೊಡ್ಲಿ?”

ಹೊರಗೆ ಮಂಗಳೂರು ಅಂಕಲ್ ಸೋಫಾದಿಂದ ಜಾರಿ ಕೆಳಗೆ ಕೂತು ನಕ್ಕರು. “ಎಣ್ಣೆ ಹಚ್ಚಿದ ಕೂದಲಿಗೆ ತೇವ ಎಲ್ಲಿಂದ ಹೋಗ್ಬೇಕು ಮಾರಾಯ್ರೆ! ನೀರು ಬಿದ್ರೂ ಜಾರ್ತದೆ!” ಆ ಪಂಡಿತ ಕೂದಲನ್ನು ಸೋಡಾ ನೀರಲ್ಲಿ ಕುದಿಸಿ ಜಿಡ್ಡು ತೆಗೆಯುತ್ತಿದ್ದನೆಂದು ನಿಮ್ಮಪ್ಪನಿಗೆ ಮೊದಲೇ ಗೊತ್ತಿತ್ತಂತೆ. ಅತ್ತೆ ಕೊಟ್ಟದ್ದನ್ನು ಕುದಿಸುವುದು ಹೇಗೆ ಎಂದು ಸಂಕೋಚಪಟ್ಟು ಹಾಗೇ ಕಟ್ಟಿದ್ದರು. ನಮ್ಮ ಮರ್ಯಾದೆಗೆ ಅವರ ಮರ್ಯಾದೆ ಸೇರಿ ಆ ಮುಳ್ಳನ್ನು ಕಟ್ಟಿಹಾಕಿತ್ತು.

ಹೊಸ ಕೂದಲು ಬೇಕಾಯಿತು. ಈಗ ನನಗೆ ಎಲ್ಲ ತಿಳಿದಿತ್ತು. ಒಂದು ತೊಟ್ಟು ಎಣ್ಣೆ ಸಾಕು, ಕೋಣೆ ನನ್ನದು. ಯಾರಿಗೂ ಅನುಮಾನ ಬಾರದ ಹಾಗೆ ಬೆರಳ ತುದಿಯಿಂದ ಸವರಬಹುದಿತ್ತು. ಆ ಯೋಚನೆ ಬಂದದ್ದು ನಿಜ. ಒಂದಿಡೀ ರೊಟ್ಟಿ ಬೇಯುವಷ್ಟು ಹೊತ್ತು ನನ್ನ ತಲೆಯಲ್ಲಿ ಇತ್ತು, ರೊಟ್ಟಿ ಸೀದುಹೋಯಿತು. ಆಮೇಲೆ ಎದ್ದು ಹೋಗಿ ಸೀಗೆಪುಡಿ ಹಚ್ಚಿ ತಲೆ ತೊಳೆದುಕೊಂಡೆ. ತಲೆಗೆ ಎಣ್ಣೆ ಮುಟ್ಟಿಸದೆ ದಿನವಿಡೀ ಇದ್ದೆ. ಹಿಂದೆ ಹಾಗೆ ಇದ್ದದ್ದು ನಿಮ್ಮ ಅಜ್ಜ ಹೋದಾಗ. ಕನ್ನಡಿ ನೋಡಲು ಮನಸ್ಸಾಗಲಿಲ್ಲ. ನಿಮ್ಮಲ್ಲಿ ದೊಡ್ಡವಳು ಬಂದು ಬೆನ್ನ ಮೇಲೆ ಹರಡಿದ್ದ ಕೂದಲನ್ನು ಕೈಯಲ್ಲಿ ಹಿಡಿದು, “ಅಜ್ಜಿ, ಯುವರ್ ಹೇರ್ ಈಸ್ ಎ ಸೆನ್ಸರ್!” ಎಂದಳು. ಅಂದದ್ದು ಹೊಗಳಿಕೆಯೋ ಏನೋ, ನನಗೆ ಸಮಾಧಾನವಾಯಿತು.

ಹುಣ್ಣಿಮೆಯ ಶುಕ್ರವಾರ ಬಂತು. ಸೆಕೆ ಇನ್ನೂ ಇಳಿಯದ ದಿನಗಳು. ಸಂಜೆ ಸಮುದ್ರದ ಕಡೆಯ ಗಾಳಿ ಬೀಸಿದರೆ ಕನ್ನಡಕ ಮಂಜಾಗಿ ಏನೂ ಕಾಣುತ್ತಿರಲಿಲ್ಲ. ಹೋಳಿಗೆ ಬುಟ್ಟಿಯಲ್ಲಿತ್ತು. ನಿಮ್ಮಮ್ಮ ಕೈಕಟ್ಟಿ ನಿಂತಿದ್ದಳು. ಮೈಸೂರು ಅಂಕಲ್ ಅಂಗಡಿಯಿಂದ ಕೊಂಡ ತೇವದ ಮೀಟರು ತಂದಿದ್ದರು, ಸಾಕ್ಷಿಗೆ. ಪಡಸಾಲೆಯಲ್ಲಿ ಎಸಿಯ ಗಾಳಿ ಒಣಗಿತ್ತು, ಪೆಟ್ಟಿಗೆಯ ಮುಳ್ಳು ಕಾಗದದ ನಡುಮಧ್ಯ ನಿಂತಿತ್ತು. ಅದನ್ನು ಎತ್ತಿ ಬಾಲ್ಕನಿಯಲ್ಲಿಟ್ಟರು. ಎಲ್ಲರೂ ಹಿಂದೆಯೇ ಹೋದೆವು. ನಾನು ಬಾಗಿಲ ಪರದೆಯ ಹಿಂದೆ.

“ಅಲುಗವಲ್ದು,” ಎಂದಳು ನಿಮ್ಮಮ್ಮ.

“ತಡೀರಿ ಅಕ್ಕ, ಕೂದಲಿಗೆ ಉಸಿರು ತೆಗೀಲಿಕ್ಕೆ ಬಿಡಿ,” ಎಂದರು ಮಂಗಳೂರು ಅಂಕಲ್.

ನಿಮ್ಮಪ್ಪನ ಅಂಗಿ ಬೆನ್ನಿಗೆ ಅಂಟಿತ್ತು. ಆಗ ಮುಳ್ಳು ನಡುಗಿತು. ನಿಧಾನಕ್ಕೆ, ಇಷ್ಟಿಷ್ಟೇ, ಹೊರಟಿತು. ನಿಮ್ಮಪ್ಪ, “ಹೊಂಟ್ತು! ಹೊಂಟ್ತು ನೋಡ್ರಿ!” ಎಂದು ಕೂಗಿದ್ದಕ್ಕೆ ಎದುರಿನ ಕಟ್ಟಡದವರೂ ಹೊರಗೆ ಬಂದರು. ನನಗೂ ಒಂದು ಗಳಿಗೆ ಕೋಣೆ ಮರೆತುಹೋಯಿತು. ನನ್ನ ತಲೆಯ ಕೂದಲು ನನ್ನ ಮಾತಿಲ್ಲದೆ ತಾನೇ ಒಂದು ಕೆಲಸ ಮಾಡುತ್ತಿತ್ತು.

ಮುಳ್ಳು ಹೋಗಿ ನಿಂತದ್ದು ‘ಒಣ’ ಎಂದು ಬರೆದ ಕಡೆ.

ಮೈಸೂರು ಅಂಕಲ್ ಕನ್ನಡಕದ ಮಂಜು ಒರೆಸಿಕೊಂಡು ಮತ್ತೆ ನೋಡಿದರು. “ಏನ್ ಸಾರ್ ಇದು, ನಾವಿಲ್ಲಿ ಬೆವರಲ್ಲಿ ಸ್ನಾನ ಮಾಡ್ತಿದೀವಿ, ಇದು ಒಣ ಅಂತಿದೆ?”

ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಾಗ ತಿಳಿಯಿತು. ಗಾಲಿಯನ್ನು ಹಿಂದುಮುಂದು ಮಾಡಿ ಕೂರಿಸಿದ ಮೇಲೆ ಕೂದಲು ಅದಕ್ಕೆ ಇನ್ನೊಂದು ಕಡೆಯಿಂದ ಸುತ್ತಿತ್ತು, ಮುಳ್ಳು ತಿರುಗುವ ದಿಕ್ಕೂ ಬದಲಾಗಿತ್ತು. ಕಾಗದವನ್ನು ತಿರುಗಿಸುವುದು ಮೂವರಿಗೂ ಹೊಳೆದಿರಲಿಲ್ಲ.

“ನಪಾಸ,” ಎಂದಳು ನಿಮ್ಮಮ್ಮ.

“ನಪಾಸ ಹೆಂಗ? ಮುಳ್ಳ ಹೊಂಟಿಲ್ಲೇನ?”

“ಹೊಂಟ್ತು. ತಪ್ಪ ಊರಿಗೆ ಹೊಂಟ್ತು.”

ವಾದ ಬೆಳೆಯಿತು. ಕೊನೆಗೆ ನಿಮ್ಮಮ್ಮ, “ಅವ್ವ ಹೇಳ್ಲಿ. ಅಕಿ ಏನಂತಾಳ ಅದು ಖರೆ,” ಎಂದಳು.

“ಅಯ್ಯೋ, ಅವರಿಗೇ ತಾನೆ ರೂಮ್ ಸಿಗೋದು!” ಎಂದರು ಮೈಸೂರು ಅಂಕಲ್. “ಜಡ್ಜಿಗೇ ಸೈಟು ಸಿಗೋ ಕೇಸು ಕಣ್ರೀ ಇದು!”

ಎಲ್ಲರೂ ಪರದೆಯ ಕಡೆ ತಿರುಗಿದರು. ಮೂವರು ಗಂಡಸರು, ಅವರಲ್ಲಿ ಒಬ್ಬರು ಅಳಿಯ. ಮಗಳ ಕಿವಿಯಲ್ಲಿ ಹೇಳೋಣವೆಂದರೆ ಅವಳು ಬಾಲ್ಕನಿಯ ಆ ತುದಿಯಲ್ಲಿದ್ದಳು. ನಾನು ಸೆರಗು ಸರಿಮಾಡಿಕೊಂಡು, ಪೆಟ್ಟಿಗೆಯನ್ನೇ ನೋಡುತ್ತ ಹೇಳಿದೆ.

“ಕೂದಲ ಬರೋಬರಿ ಮಾಡೇತಿ. ಕಾಗದ ಅಂಟಿಸಿದವರ ತಪ್ಪ ಮಾಡ್ಯಾರ.”

ಮಂಗಳೂರು ಅಂಕಲ್ ಚಪ್ಪಾಳೆ ಹೊಡೆದರು. “ಸರಿಯಾಯ್ತಲ್ಲ! ಕೂದಲು ಪಾಸ್, ನಾವು ಮೂವರೂ ಫೇಲ್. ಇನ್ನು ಆ ಕೂದಲು ಯಾರದ್ದು?”

ನಿಮ್ಮಪ್ಪ ತಲೆ ಕೆಳಗೆ ಹಾಕಿ ನಿಂತಿದ್ದರು. ಆಮೇಲೆ ನಗು ತಡೆಯಲಾಗದೆ ನಕ್ಕುಬಿಟ್ಟರು. ಫ್ರಿಜ್ಜಿನ ಕಡೆ ಅಲ್ಲ, ಹೆಂಡತಿಯ ಕಡೆ ಅಲ್ಲ, ನೆಟ್ಟಗೆ ನನ್ನ ಕಡೆ ತಿರುಗಿ, “ಅತ್ತಿ, ಕ್ವಾಣಿ ನಿಮ್ದರಿ,” ಎಂದರು.

ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ನಮಗೆ ಚಿಕ್ಕಂದಿನಿಂದ ಕಲಿಸಿರುತ್ತಾರೆ. ಬೇಡ ಬೇಡ ಎನ್ನಬೇಕು. ಅವರು ಮತ್ತೆ ಹೇಳಬೇಕು, ನಾವು ಮತ್ತೆ ಬೇಡ ಎನ್ನಬೇಕು, ನನಗೇಕೆ ಕೋಣೆ, ಮಕ್ಕಳ ಹತ್ತಿರವೇ ಚೆನ್ನಾಗಿದೆ ಎನ್ನಬೇಕು. ಬಾಲ್ಕನಿಯಲ್ಲಿದ್ದವರೆಲ್ಲ ಅದಕ್ಕಾಗಿಯೇ ಕಾಯುತ್ತಿದ್ದರು. ಅಜ್ಜಿ ದೊಡ್ಡ ಮನಸ್ಸು ಮಾಡಿ ಕೋಣೆ ಬಿಟ್ಟುಕೊಟ್ಟಳು ಎಂದು ಬರೆದರೆ ನಿಮಗೆ ಓದಲು ಚೆಂದವಿರುತ್ತಿತ್ತು.

ನಾನು “ಹೂಂ” ಎಂದೆ. ಹೋಳಿಗೆಗೆ ತುಪ್ಪ ಬಿಸಿ ಮಾಡಲು ಒಳಗೆ ಹೋದೆ.

ಮರುದಿನ ಮಂಗಳೂರು ಅಂಕಲ್ಲರ ಗಾಡಿಯಲ್ಲಿ ಅರ್ಧ ಸಾಮಾನು ಅವರ ಗ್ಯಾರೇಜಿಗೆ ಹೋಯಿತು, ಇನ್ನರ್ಧ ಬಾಲ್ಕನಿಗೆ. ನಿಮ್ಮಪ್ಪ ಕೋಣೆ ಗುಡಿಸಿ ಕೊಟ್ಟರು. ಹೊರಡುವಾಗ, ಇನ್ನು ನೆಟ್ಟಗೆ ಮಾತಾಡುವ ರೂಢಿ ಆಗಿತ್ತಲ್ಲ, ಕೇಳಿಯೇಬಿಟ್ಟರು.

“ಅತ್ತಿ, ಆ ಬಾಗಲ ಹಿಂದ ಒಂದ ಸಣ್ಣ ಮೇಜು ಇಟ್ಕೊಳ್ಲೇನ್ರಿ? ಗೊತ್ತ ಆಗೂದಿಲ್ಲ ನಿಮಗ.”

“ಬ್ಯಾಡ್ರಿ,” ಎಂದೆ. ಅಳಿಯನಿಗೆ ನಾನು ಹೇಳಿದ ಮೊದಲ ‘ಬೇಡ’ ಅದು. ಅವರೂ ಬೇಸರಿಸಲಿಲ್ಲ, ನಾನೂ ಸಾಯಲಿಲ್ಲ.

ಈಗ ಅವರು ಬೆವರು ಒರೆಸಿಕೊಳ್ಳುತ್ತ ಬಾಲ್ಕನಿಯಲ್ಲಿ ಏನೋ ಕೊರೆಯುತ್ತಿರುತ್ತಾರೆ. ನಾನು ಇಲ್ಲಿ ಅಗುಳಿ ಹಾಕಿಕೊಂಡು ಬರೆಯುತ್ತೇನೆ, ಇಲ್ಲವೆ ಸುಮ್ಮನೆ ಕಾಲು ಚಾಚಿ ಕೂತಿರುತ್ತೇನೆ. ಕೆಲವೊಮ್ಮೆ ಬಾಗಿಲ ಮೇಲೆ ಮೆಲ್ಲಗೆ ಬಡಿದ ಸದ್ದಾಗುತ್ತದೆ. ಕೂದಲು ಹರಿದಿರಬೇಕು, ಇನ್ನೊಂದು ಬೇಕಿರಬೇಕು. ಗಂಡಸರು ಬಂದರೆಂದು ತಟ್ಟನೆ ಏಳುತ್ತಲೇ ಇಷ್ಟು ವರ್ಷ ಕಳೆದವಳು ನಾನು. ಈಗ ಯಾರೋ ಹೊರಗೆ ನಿಂತು ನನ್ನನ್ನು ಕಾಯುತ್ತಾರೆ. “ಬರ್ರಿ” ಎನ್ನುವ ಮೊದಲು ನಾನು ಸ್ವಲ್ಪ ಹೊತ್ತು ತಡೆಯುತ್ತೇನೆ.